ಕೂಗಾಳನ ಕೈಬಳೆ

ಪುಷ್ಯ ಶುದ್ಧ ತದಿಗೆ, ಬುಧವಾರ. ಬೆಳಗಿನಿಂದ ಮಂಜು, ಗಾಳಿ ಇಲ್ಲ. ಯಾವ ವರುಷವೆಂದು ಕೇಳಬೇಡಿ. ಬೆಟ್ಟಗಳು ಇನ್ನೂ ಜಾಗ ಬದಲಿಸುತ್ತಿದ್ದ ಕಾಲ ಅದು. ಸ್ಫಟಿಕಾವತಿ ಎಂಬ ರಾಜ್ಯದ ಸಂತೆಬೀದಿಯಲ್ಲಿ ಗಿರಿಯಣ್ಣನೆಂಬ ಬಳೆಗಾರ ಅಂಗಡಿ ತೆರೆದು ಕೂತಿದ್ದ. ಅವನಿಗೆ ವ್ಯಾಪಾರದಲ್ಲಿ ಮನಸ್ಸಿರಲಿಲ್ಲ. ಅವನ ತಂಗಿ ಸಂಪಿ ಗಾಜಾಗಿ ಹೋಗಿದ್ದಳು.

ಆ ರಾಜ್ಯದ ಕಾಡಿನಲ್ಲಿ ಕೂಗಾಳನೆಂಬ ಮಾಂತ್ರಿಕನಿದ್ದ. ಅವನು ಜನರನ್ನು ಹೆಸರು ಹಿಡಿದು, ಅವರ ಮನೆಯವರ ದನಿಯಲ್ಲೇ ಕರೆಯುತ್ತಿದ್ದ. ‘ಓ’ ಎಂದವರು ಗಾಜಾಗುತ್ತಿದ್ದರು. ಗಾಜಾದವರನ್ನು ಹೊತ್ತುಕೊಂಡು ಹೋಗಿ ತನ್ನ ಗವಿಯಲ್ಲಿ ಸಾಲಾಗಿ ನಿಲ್ಲಿಸುತ್ತಿದ್ದ. ಸೌದೆಗೆ ಹೋದ ಸಂಪಿಗೆ ಅಣ್ಣನ ದನಿ ಕೇಳಿಸಿತು, ‘ಓ’ ಎಂದಳು. ರಾಜನ ಸೈನಿಕರು ಕಿವಿಗೆ ಮೇಣ ತುಂಬಿಕೊಂಡು ಹೋದರು. ಆ ಕೂಗು ಎಲುಬಿನೊಳಗೆ ಕೇಳಿಸುತ್ತಿತ್ತು. ಅವರೂ ‘ಓ’ ಎಂದರು. ಬೇಸಗೆಯ ಮೊದಲ ಬಿಸಿಲಿಗೆ ಆ ಗಾಜು ಬಿರಿಯುತ್ತದೆ, ಆಮೇಲೆ ಯಾರೂ ಮರಳುವುದಿಲ್ಲ ಎಂದು ಆಸ್ಥಾನದ ಜೋಯಿಸರು ಹೇಳಿದ್ದರು.

ಕಾಡಿನಾಚೆ ನವಿಲುಬೆಟ್ಟ. ಅಲ್ಲಿನ ಜನಕ್ಕೆ ಹುಟ್ಟಿನಿಂದ ಕಿವಿ ಕೇಳಿಸದು, ಮಾತೆಲ್ಲ ಕೈಯಲ್ಲಿ, ಹೆಸರೂ ಕೈಯಲ್ಲೇ; ದನಿಯಲ್ಲಿ ಕರೆಯುವ ಹೆಸರೇ ಅವರಿಗಿಲ್ಲ. ಕೂಗಾಳ ಎಷ್ಟು ಕೂಗಿದರೂ ಅವರು ಅವನ ಕಣ್ಣೆದುರಿಗೇ ಕಾಡು ದಾಟಿ ಸಂತೆಗೆ ಬರುತ್ತಿದ್ದರು. ಊರಿನಲ್ಲಿ ಅವರ ಮಾತು ಬಲ್ಲವರಿರಲಿಲ್ಲ. ಅವರ ನೆರವು ಕೇಳಬಹುದೆಂದು ಯಾರಿಗೂ ಹೊಳೆಯಲೂ ಇಲ್ಲ.

ಆ ಬುಧವಾರ ಮಂಜಿನೊಳಗಿಂದ ಒಬ್ಬ ಹೆಂಗಸು ಬಂದು ಬಳೆ ಅಂಗಡಿಯ ಮುಂದೆ ಕೂತಳು.

“ಯಾವ ಬಳೆ ಬೇಕು ತಾಯಿ?” ಎಂದ ಗಿರಿಯಣ್ಣ.

ಅವಳು ಕಿವಿ ಮುಟ್ಟಿ ಕೈ ಆಡಿಸಿದಳು. ಗಿರಿಯಣ್ಣ ದನಿ ಏರಿಸಿದ. ಅವಳು ಮತ್ತೆ ಕೈ ಆಡಿಸಿದಳು. ಅವನು ಇನ್ನೂ ಏರಿಸಿದ. ತೂಗುಹಾಕಿದ್ದ ಬಳೆಗಳೆಲ್ಲ ನಡುಗಿ ಸದ್ದು ಮಾಡಿದವು.

ಪಕ್ಕದಲ್ಲಿ ಪುರಿ ಮಾರುವ ಈರಜ್ಜಿ ಗದರಿದಳು. “ಅವಳಿಗೆ ಕಿವಿ ಕೇಳಿಸೋಲ್ಲ ಅಂತ ನನ್ನ ಕಿವಿ ಯಾಕೋ ಹರೀತೀಯ?”

ಹೆಂಗಸು ಎದ್ದು ಹೋದಳು.

ಮುಂದಿನ ಸಂತೆಗೆ ಮತ್ತೆ ಬಂದಳು. ಈ ಸಲ ಗಿರಿಯಣ್ಣ ಕೂಗಲಿಲ್ಲ. ಈರಜ್ಜಿಯ ಕಡೆ ತಿರುಗಿ, “ಇವಳಿಗೇನು ಬೇಕಂತೆ ಅಜ್ಜಿ?” ಎಂದ.

“ನನಗೇನು ಕನಸು ಬಿದ್ದಿದೆಯೇ? ಹಸಿರು ಬಳೆ ಇರಬೇಕು.”

“ಕೆಂಪು ಆಗದೇ?”

“ಆ ಮೈಬಣ್ಣಕ್ಕೆ ಕೆಂಪೇ? ಹಸಿರು ಕಟ್ಟು.”

ಅವಳ ತಲೆಯ ಮೇಲಿನಿಂದಲೇ ಮಾತು ಮುಗಿಯಿತು. ಅವನು ಹಸಿರು ಬಳೆ ಕಟ್ಟಿ ಅವಳ ಮಡಿಲಿಗೆ ಇಟ್ಟ. ಅವಳು ಒಮ್ಮೆ ಇವನನ್ನು, ಒಮ್ಮೆ ಅಜ್ಜಿಯನ್ನು ನೋಡಿದಳು. ಬಳೆಗಳನ್ನು ಮೆಲ್ಲಗೆ ತಟ್ಟೆಯಲ್ಲಿಟ್ಟು ಹೋದಳು.

ಮೂರನೆಯ ಸಂತೆಗೂ ಬಂದಳು. ಇವಳನ್ನು ಬರಿಗೈಯಲ್ಲಿ ಕಳಿಸಬಾರದೆಂದು ಗಿರಿಯಣ್ಣ ಬಂದ ಕೂಡಲೇ ಅವಳ ಕೈ ಹಿಡಿದು ಬಳೆ ಏರಿಸತೊಡಗಿದ. ಬಳೆ ಏರುವಾಗ ಕೈ ಬಿಡಬಾರದು ಎಂಬುದು ಅವನ ಕುಲದ ಮೊದಲ ಪಾಠ. ಅವಳು ಎಳೆದುಕೊಂಡಳು, ಅವನು ಬಿಗಿ ಹಿಡಿದ. “ತಾಳು ತಾಯಿ, ಗೆಣ್ಣು ದಾಟಿತು.” ಅವಳ ಇನ್ನೊಂದು ಕೈ ಏನೋ ಹೇಳಲು ಎದ್ದಿತು. ಅಡ್ಡ ಬರುತ್ತದೆಂದು ಅದನ್ನೂ ಹಿಡಿದ. ಬಳೆ ಒಡೆದು ಅವಳ ಮುಂಗೈಯಲ್ಲಿ ರಕ್ತ ಬಂತು.

ಆಗ ಅವನು ಮೊದಲ ಬಾರಿಗೆ ಅವಳ ಮುಖ ನೋಡಿದ. ಒಬ್ಬರ ಬಾಯಿ ಒತ್ತಿ ಹಿಡಿದು, ಏನು ಬೇಕು ಹೇಳು ಎಂದು ತಾನು ಕೇಳುತ್ತಿದ್ದೇನೆ ಎಂದು ತಿಳಿಯಿತು. ಎರಡು ಕೈಗಳನ್ನೂ ಬಿಟ್ಟ.

ಅಂಗಡಿಯ ಪರದೆ ಮೇಲೆತ್ತಿದ. ಬೆಳಕು ಇಬ್ಬರ ಮೇಲೂ ಬಿತ್ತು. ಅರಿಶಿನವನ್ನೂ ಬಟ್ಟೆಯನ್ನೂ ಅವಳ ಮುಂದಿಟ್ಟ, ಎದುರಾಗಿ ಕೂತ, ಕಾದ. ಗಾಯ ಕಟ್ಟಿಕೊಂಡ ಮೇಲೆ ಅವಳ ಕೈಗಳು ಮಡಿಲಿನಿಂದ ಮೇಲೆದ್ದವು, ಕೆರೆಯಿಂದ ಎರಡು ಹಕ್ಕಿ ಎದ್ದ ಹಾಗೆ.

ಅವಳು ಒಂದು ಬಳೆ ತೊಟ್ಟು, ಅದನ್ನು ಕಳಚುವಂತೆ ತೋರಿಸಿದಳು. ಬಳೆಗಾರನ ಮುಂದೆ ಬಳೆ ಕಳಚುವ ಮಾತು ಅಪಶಕುನ, ಎದ್ದುಬಿಡಬೇಕು. ಅವನು ಏಳಲಿಲ್ಲ.

ಅವಳು ಗಲ್ಲ ಉಬ್ಬಿಸಿ ಬಾಯಿ ಅಗಲಿಸಿದಳು: ಕೂಗಾಳ. ನಡುನೆತ್ತಿ ತೋರಿಸಿ ಅಂಗೈಗೆ ಕೆನ್ನೆ ಆನಿಸಿದಳು: ನಡುಹಗಲಿಗೆ ಅವನು ಮಲಗುತ್ತಾನೆ. ಅವನ ಮುಂಗೈಗೆ ಒಂದೇ ಬಳೆ, ಬಲು ಬಿಗಿ. ಅದರತ್ತ ಬೆರಳು ಮಾಡಿ ಗಂಟಲು ಮುಟ್ಟಿದಳು: ಕೂಗೆಲ್ಲ ಅದರೊಳಗಿದೆ. ಅದನ್ನು ಗುದ್ದಿ ಒಡೆದಂತೆ ಮಾಡಿದಳು. ಸಾಲಾಗಿ ನಿಂತವರೆಲ್ಲ ಪುಡಿಪುಡಿಯಾದಂತೆ ಬೆರಳು ಚೆಲ್ಲಿ ತಲೆ ಆಡಿಸಿದಳು. ಆಮೇಲೆ ಗಾಳಿಯಲ್ಲಿ ಉದ್ದನೆಯ ಒಂದು ಜಡೆ ಎಳೆದು, ಅದರ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿದಳು.

ಹಾಗೆ ಜಡೆ ಸಿಕ್ಕಿಸುವವಳು ಆ ಊರಿನಲ್ಲೆಲ್ಲ ಸಂಪಿ ಒಬ್ಬಳೇ. ಗಿರಿಯಣ್ಣ ತಾನೂ ಗಾಳಿಯಲ್ಲಿ ಜಡೆ ಎಳೆದ, ಸೊಂಟಕ್ಕೆ ಸಿಕ್ಕಿಸಿದ. ಹೌದೇ? ಅವಳು ತಲೆದೂಗಿದಳು.

ಒಡೆಯದಂತೆ ಬಳೆ ಕಳಚುವ ಬಗೆಯನ್ನು ಕೊಳ್ಳಲು ಅವಳು ಮೂರು ಸಲ ಆ ಕಾಡು ದಾಟಿ ಬಂದಿದ್ದಳು.

ಗಿರಿಯಣ್ಣ ತನ್ನ ಕೈಗೇ ಒಂದು ಚಿಕ್ಕ ಬಳೆ ತುರುಕಿಕೊಂಡು ಮುಂದೆ ಚಾಚಿದ. ಹರಳೆಣ್ಣೆ ಹಚ್ಚುವುದು, ಹೆಬ್ಬೆರಳನ್ನು ಅಂಗೈಯೊಳಕ್ಕೆ ಮಡಿಸುವುದು, ಗೆಣ್ಣಿನ ಬಳಿ ನಿಂತು ಮೂಳೆ ದಾರಿ ಬಿಡುವವರೆಗೆ ಕಾಯುವುದು. ಬಾಯಿ ತೆರೆಯದೆ ಎಲ್ಲವನ್ನೂ ಮಾಡಿ ತೋರಿಸಿದ. ಅವಳು ಕಳಚಲು ಹೋದ ಮೊದಲ ಬಳೆ ಒಡೆದು ಅವನ ಕೈ ಸೀಳಿತು. ಎರಡನೆಯದೂ ಒಡೆಯಿತು. ಮೂರನೆಯದು ಹೂವಿನ ಹಾಗೆ ಕಳಚಿ ಅವಳ ಅಂಗೈಯಲ್ಲಿ ಕೂತಿತು. ಅವಳು ನಕ್ಕಳು, ಎದ್ದು ಕಾಡಿನ ದಾರಿ ಹಿಡಿದಳು.

ಮಾರನೆಯ ದಿನ ಗಿರಿಯಣ್ಣ ಅಂಗಡಿ ಬಿಟ್ಟು ಕದಲಲಿಲ್ಲ. ಹೊತ್ತು ಇಳಿಯುವಾಗ ಬೀದಿಯ ತುದಿಯಲ್ಲಿ ಜನ ಕಾಣಿಸಿದರು. ಎಲ್ಲರಿಗಿಂತ ಮುಂದೆ ಜಡೆ ಸಿಕ್ಕಿಸಿಕೊಂಡು ಓಡಿ ಬಂದವಳು ಸಂಪಿ.

“ಅಣ್ಣಾ, ಆ ಅಕ್ಕ ಬಳೆ ಕಳಚಿದಳು. ನನ್ನ ಮೈಮೇಲಿನ ಗಾಜು ಇಬ್ಬನಿಯಂತೆ ಇಳಿದುಹೋಯಿತು. ಕೂಗಾಳ ಎದ್ದು ಬಾಯಿ ತೆರೆದ; ದನಿಯೇ ಇಲ್ಲ! ಬಾಯಿ ಅಗಲವಾಯಿತು, ಇನ್ನೂ ಅಗಲವಾಯಿತು. ಕೊನೆಗೆ ಅವನು ತನ್ನ ಬಾಯೊಳಗೇ ಬಿದ್ದು ಇಲ್ಲವಾದ.”

ಅಂದಿನಿಂದ ಸ್ಫಟಿಕಾವತಿಯಲ್ಲಿ ಕರೆದರೆ ಓಗೊಡಲು ಯಾರೂ ಅಂಜಲಿಲ್ಲ. ಕಾಡಿನ ದಾರಿಯಲ್ಲಿ ಹುಲ್ಲು ಬೆಳೆಯದಷ್ಟು ಜನ ಓಡಾಡಿದರು. ಉಂಡರು, ಉಟ್ಟರು, ಬೆಟ್ಟದವರೂ ಊರಿನವರೂ ಒಟ್ಟಿಗೆ ನಕ್ಕರು.

ಆ ಹೆಂಗಸು ನವಿಲುಬೆಟ್ಟದ ರಾಣಿ. ಒಂದು ದಿನ ತನ್ನ ಜನರೊಡನೆ ಅವಳು ಅಂಗಡಿಗೆ ಬಂದಳು, ಗಿರಿಯಣ್ಣನ ಎದುರು ಬೆಳಕಿನಲ್ಲಿ ಕೂತು ಕೈಯಲ್ಲಿ ಏನೋ ಹೇಳಿದಳು. ಹಿಂದಿದ್ದವರೆಲ್ಲ ಅದನ್ನೇ ಹೇಳಿದರು, ಹೋದರು.

ಈರಜ್ಜಿಗೆ ತಡೆಯಲಾಗಲಿಲ್ಲ. “ರಾಣಿ ಅಂತೆ! ಏನು ಕೊಟ್ಟಳೋ? ಆನೆಯೋ, ಅಂಬಾರಿಯೋ?”

ಬಳೆ ಒತ್ತಿ ಒತ್ತಿ ಗಿರಿಯಣ್ಣನ ಹೆಬ್ಬೆರಳ ಬುಡ ಜಡ್ಡುಗಟ್ಟಿತ್ತು. ಅವನು ಅಲ್ಲಿ ತೋರುಬೆರಳನ್ನು ಎರಡು ಸಲ ಉಜ್ಜಿ ತೋರಿಸಿದ.

“ಇದನ್ನು ಕೊಟ್ಟರು ಅಜ್ಜಿ. ನನ್ನ ಹೆಸರು.”

“ನಿನಗೆ ಹೆಸರಿರಲಿಲ್ಲವೇನೋ?”

“ಅವರ ಮಾತಿನಲ್ಲಿ ಇರಲಿಲ್ಲ.”