ಹಿಂದಕ್ಕೆ ಹೋಗುವ ದೋಣಿ

ದೋಣಿ ಮತ್ತೆ ಹಿಂದಕ್ಕೆ ಹೋಗಿತ್ತು.

ಕನ್ನಡಕದ ಅಂಗಡಿಯ ಕೌಂಟರಿನಲ್ಲಿ ಕೂತ ಅವಳು ಪರದೆಯನ್ನು ಇನ್ನೊಮ್ಮೆ ಓದಿದಳು. ಬ್ರೌಸರಿನಲ್ಲಿ ಆಡುವ, ಚಿತ್ರವೇ ಇಲ್ಲದ ಬರೀ ಅಕ್ಷರಗಳ ಆಟ. ‘ಹುಟ್ಟು ಹಾಕು’ ಎಂಬುದನ್ನು ಒತ್ತಿದಷ್ಟೂ ದಡ ಹತ್ತಿರವಾಗಬೇಕು. ಗಿರಾಕಿಗಳಿಲ್ಲದಾಗ ಇದೇ ಕಂಪ್ಯೂಟರಿನಲ್ಲಿ ಬೆಳಗ್ಗೆ ಅವನು ಆಡುತ್ತಿದ್ದ, ಮಧ್ಯಾಹ್ನ ಅವಳು ಮುಂದುವರಿಸುತ್ತಿದ್ದಳು. ಅವನು ಒಳಕೋಣೆಯಲ್ಲಿ ಲೆನ್ಸ್ ಉಜ್ಜುವವನು.

“ದೋಣಿ ದಡ ಸೇರಲಿ, ನಿಮಗೊಂದು ಮಾತು ಹೇಳೋದಿದೆ” ಎಂದಿದ್ದ. ಹೇಳುವಾಗ ಅವಳ ಕಣ್ಣು ತಪ್ಪಿಸಿ, ಹಣೆಗೆ ಜಾರಿದ ಕೂದಲನ್ನು ನೋಡಿದ್ದ.

ಅಂದಿನಿಂದ ಎಷ್ಟು ಹುಟ್ಟು ಹಾಕಿದರೂ ದಡ ಸಿಗುತ್ತಿಲ್ಲ.

“ಮಾತು ಮುಂದೂಡೋನು ಬೇರೆ ಎಲ್ಲೋ ಮಾತು ಕೊಟ್ಟಿರ್ತಾನೆ ಕಣೇ” ಎಂದಿದ್ದಳು ಅಕ್ಕ. ಅಕ್ಕ ತಂದ ಸಂಬಂಧಕ್ಕೆ ಇವತ್ತೇ ಉತ್ತರ ಕೊಡಬೇಕಿತ್ತು.

ಅನುಮಾನ ಪಡುವುದು ತಪ್ಪೇನೋ. ಪಡದಿದ್ದರೆ ಇನ್ನೂ ದೊಡ್ಡ ತಪ್ಪೇನೋ. ಸಂಜೆಯ ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿತಂತೆ ಅವಳು ಬ್ರೌಸರಿನ ಡೆವಲಪರ್ ಕನ್ಸೋಲ್ ತೆರೆದಳು. ಆಟದ ಒಳಲೆಕ್ಕಗಳನ್ನು ಅಲ್ಲಿ ಕೈಯಾರೆ ತಿದ್ದಬಹುದು. ಮೇಲ್ಮುಖದ ಬಾಣದ ಕೀ ಒತ್ತಿದರೆ, ಹಿಂದೆ ಟೈಪ್ ಮಾಡಿದ್ದು ಮರಳಿ ಬರುತ್ತದೆ.

ಬಂತು. ದಡದ ದೂರವನ್ನು ತಿದ್ದಿದ ಸಾಲು. ಮತ್ತೆ ಒತ್ತಿದಳು, ಮತ್ತೆ ಅದೇ.

ಕಳ್ಳ, ಗೆಲ್ಲುವ ಅವಸರ ಇವನಿಗೆ! ನಗು ತುಟಿಗೆ ಬರುವಷ್ಟರಲ್ಲಿ ಅವಳು ಆ ಸಾಲನ್ನು ಇನ್ನೊಮ್ಮೆ ಓದಿದಳು. ಅವನು ದೂರವನ್ನು ಕಳೆದಿರಲಿಲ್ಲ. ಕೂಡಿಸಿದ್ದ.

“ಇಲ್ಲಿ ಬನ್ನಿ ಸ್ವಲ್ಪ.”

ಅವನು ಕೈ ಒರೆಸಿಕೊಳ್ಳುತ್ತ ಬಂದ. ಪರದೆ ನೋಡಿದೊಡನೆ ಅವನ ಕಿವಿ ಕೆಂಪಾದವು.

“ಯಾರಾದ್ರೂ ಇದ್ದಾರಾ?”

“ಎಲ್ಲಿ?”

“ನಿಮ್ಮ ಮನಸ್ಸಲ್ಲಿ ರೀ! ಒಳಕೋಣೇಲಿ ಯಾರಿದ್ದಾರೆ ಅಂತ ಕೇಳ್ತೀನಾ?”

“ಇದ್ದಾರೆ.”

ಅವಳ ಕೈ ಫೋನಿನ ಕಡೆ ಹೋಯಿತು.

“ದಿನಾ ಮಧ್ಯಾಹ್ನ ಇಲ್ಲೇ ಕೂತ್ಕೊಂಡು ಹುಟ್ಟು ಹಾಕ್ತಾರೆ” ಎಂದ ಅವನು. “ದಡ ಸೇರಿದ್ರೆ ನಾನು ಹೇಳ್ಲೇಬೇಕು. ಹೇಳಿದ್ಮೇಲೆ ನೀವು ಬೇಡ ಅಂದ್ರೆ ಆಟಾನೂ ಹೋಯ್ತು, ನೀವೂ ಹೋದ್ರಿ. ಅದಕ್ಕೇ...”

“ಅದಕ್ಕೇ ನನ್ನ ಬೆರಳು ಸವೆಸಿದ್ರಾ?”

“ತಪ್ಪಾಯ್ತು.”

“ತಪ್ಪೊಪ್ಪಿಗೆ ಆಮೇಲೆ. ಮೊದಲು ಆ ಮಾತು ಹೇಳಿ.”

“ನೀವಂದ್ರೆ ನಂಗೆ ತುಂಬಾ ಇಷ್ಟ. ನನ್ನ ಮದುವೆ ಆಗ್ತೀರಾ?”

ಕಣ್ಣಿನ ಪರೀಕ್ಷೆಗೆ ಬಂದು, ಗೋಡೆಯ ಅಕ್ಷರಗಳನ್ನು ಕದ್ದು ಬಾಯಿಪಾಠ ಮಾಡಿ ಓದಿಬಿಡುವ ಗಿರಾಕಿಗಳಿರುತ್ತಾರೆ. ಅಂಥವರನ್ನು ನೋಡುವ ಹಾಗೆಯೇ ಅವಳು ಅವನನ್ನು ದಿಟ್ಟಿಸಿದಳು. ಈ ಸಲ ಅವನು ಕಣ್ಣು ತಪ್ಪಿಸಲಿಲ್ಲ. ಬಾಯಿಪಾಠವಲ್ಲ.

ಅವನ ಎದುರಿಗೇ ಅವಳು ಫೋನು ಮಾಡಿದಳು.

“ಅಕ್ಕಾ, ಆ ಸಂಬಂಧ ಬೇಡ.”

“ಯಾಕೇ? ಹುಡುಗ ಅಪ್ಪಟ ಸತ್ಯವಂತ ಕಣೇ!”

“ಇರ್ಲಿ ಬಿಡು, ಅವನಿಗೆ ಯಾರಾದ್ರೂ ಸಿಗ್ತಾರೆ. ಇಲ್ಲೊಬ್ಬ ಇದ್ದಾನೆ, ಸೋಲೋಕೂ ಮೋಸ ಮಾಡ್ತಾನೆ. ಇಂಥವನನ್ನ ಯಾರ ಕೈಗೆ ಕೊಡೋದು? ನಾನೇ ಕಟ್ಕೋತೀನಿ.”