ಮೊದಲ ಚಮಚ

ಚಮಚ ಅವಳ ತುಟಿಯ ಹತ್ತಿರ ಬಂದು ನಿಂತಿತು. ಚಮಚದ ಹಿಂದೆ ಅವನ ಎರಡು ಕಣ್ಣು.

"ಊದ್ಕೊಂಡು ಕುಡಿ. ಸುಡುತ್ತೆ," ಎಂದ.

ಸೂಜಿ ಊದಿದಳು. ಕುಡಿದಳು. ಟೊಮೆಟೊ ಸೂಪು ನಾಲಿಗೆಯಿಂದ ಗಂಟಲಿಗೆ ಇಳಿಯುವಷ್ಟು ಹೊತ್ತೂ ಆ ಕಣ್ಣು ಅವಳ ಮುಖ ಬಿಟ್ಟು ಕದಲಲಿಲ್ಲ. ಹುಬ್ಬಿನಿಂದ ತುಟಿಗೆ, ತುಟಿಯಿಂದ ಕೆನ್ನೆಗೆ, ಮತ್ತೆ ಹುಬ್ಬಿಗೆ. ಪರೀಕ್ಷೆಯ ಫಲಿತಾಂಶದ ಪಟ್ಟಿಯಲ್ಲಿ ತಮ್ಮ ನಂಬರು ಹುಡುಕುವವರು ಹೀಗೇ ನೋಡುತ್ತಾರೆ. ಉಪ್ಪು ಒಂದು ಚಿಟಿಕೆ ಹೆಚ್ಚಾಯಿತೇನೋ ಎಂದು ಅವಳಿಗೆ ಅನಿಸಿತು. ಅದು ಬಾಯಿಗೆ ಬರುವ ಮೊದಲೇ ಅವನು ತಿರುಗಿ ಪಾತ್ರೆಗೆ ಅರ್ಧ ಲೋಟ ನೀರು ಸುರಿದಿದ್ದ.

"ನಾನು ಏನೂ ಹೇಳ್ಲೇ ಇಲ್ವಲ್ಲೋ!"

"ನಿನ್ನ ಮುಖ ಹೇಳ್ತು."

ಅಷ್ಟು ಸಾಕಾಯಿತು. ಮಂಚದ ಮೇಲೆ ಕಾಲು ಮಡಚಿ ಕಸೂತಿ ಹಾಕುತ್ತಿದ್ದ ಟೈಲರಕ್ಕ, ಹಲ್ಲಿನಲ್ಲಿ ಕಚ್ಚಿಕೊಂಡಿದ್ದ ದಾರ ತೆಗೆದು, "ಮೂವತ್ತು ವರ್ಷ ಸಂಸಾರ ಮಾಡಿದೀನಿ ಕಣ್ರಪ್ಪಾ. ನಮ್ಮ ಯಜಮಾನ್ರಿಗೆ ನನ್ನ ಮುಖದಲ್ಲಿ ಜ್ವರ ಬಂದಿದ್ದೂ ಕಾಣಲ್ಲ. ಇವ್ನಿಗೆ ನೋಡು, ಉಪ್ಪು ಕಾಣುತ್ತೆ," ಎಂದರು.

ಸೂಜಿಯ ಕಿವಿ ಕೆಂಪಾಯಿತು. ಅದನ್ನು ಮುಚ್ಚಲು ಕೂದಲು ಮುಂದಕ್ಕೆ ಎಳೆದುಕೊಂಡಳು.

ಹಳೆಯ ಪುಸ್ತಕಗಳಿಗೆ ಹೊಲಿಗೆ ಹಾಕಿ ರಟ್ಟು ಕಟ್ಟುವ ಕೆಲಸ ಅವಳದು. ಕೈಯಲ್ಲೂ ಸೂಜಿ, ನಾಲಿಗೆಯಲ್ಲೂ ಸೂಜಿ ಎಂದು ಗೆಳೆಯರು ಆ ಹೆಸರಿಟ್ಟಿದ್ದರು. ಅವನು ಸೌಟು, ದೊಡ್ಡ ಹೋಟೆಲೊಂದರ ಅಡುಗೆಯವನು. ನಾಲ್ಕನೆಯವನು ವಾಚು ರಿಪೇರಿ ಮಾಡುವವನು. ಜಗತ್ತಿನ ಗಡಿಯಾರವನ್ನೆಲ್ಲ ಸರಿಮಾಡಿ ತಾನು ಮಾತ್ರ ಎಲ್ಲದಕ್ಕೂ ತಡವಾಗಿ ಬರುವುದರಿಂದ ಅವನಿಗೆ ಲೇಟು ಎಂದೇ ಹೆಸರು. ಭಾನುವಾರ ಮಧ್ಯಾಹ್ನ ನಾಲ್ವರೂ ಸೌಟಿನ ಕೋಣೆಯಲ್ಲಿ ಸೇರುತ್ತಿದ್ದರು. ಮೂರನೆಯ ಮಹಡಿಯ ಒಂದೇ ಕೋಣೆ, ಮೂಲೆಯಲ್ಲಿ ಗ್ಯಾಸಿನ ಒಲೆ, ಒಂದು ಕಿಟಕಿ, ಹೊರಗೆ ತಾರಸಿ. ಮೊದಲು ಕೈಕೆಲಸ, ಆಮೇಲೆ ಊಟ, ಕೊನೆಗೆ ಗೋಡೆಯ ಮೇಲೆ ಸಿನಿಮಾ. ವಾರವೆಲ್ಲ ದುಡಿದ ಕೈಗಳು ಆ ದಿನ ಮತ್ತೆ ಕೆಲಸ ಮಾಡುತ್ತಿದ್ದವು, ಆದರೆ ಖುಷಿಗೆ.

ಮೊದಲ ಚಮಚದ ಪದ್ಧತಿ ಶುರುವಾಗಿ ನಾಲ್ಕು ತಿಂಗಳಾಗಿತ್ತು. ಅದಕ್ಕೆ ಮೊದಲು ಸೌಟು ತಾನೇ ರುಚಿ ನೋಡಿ, ತಾನೇ ತಲೆಯಾಡಿಸಿ ಬಡಿಸುತ್ತಿದ್ದ. ಕೆಟ್ಟದೊಂದು ಜ್ವರ ಬಂದು ಹದಿನೈದು ದಿನ ಮಲಗಿದ್ದವನು ಎದ್ದ ಮೊದಲ ಭಾನುವಾರ, ಚಮಚ ಹಿಡಿದು ನೇರ ಸೂಜಿಯ ಮುಂದೆ ಬಂದು ನಿಂತ. ಜ್ವರ ಮನುಷ್ಯನನ್ನು ಮೆತ್ತಗೆ ಮಾಡುತ್ತದೆ, ಮನಸ್ಸಿನಲ್ಲಿ ಇದ್ದದ್ದು ಹೊರಗೆ ಬರುತ್ತದೆ ಎಂದು ಅವಳು ತಿಳಿದಳು. ತಿಳಿದು ಸಂತೋಷಪಟ್ಟಳು. ಅಂಗಡಿಯಲ್ಲಿ ಹಾಳೆ ಜೋಡಿಸುತ್ತ ಒಬ್ಬಳೇ ನಗುವಷ್ಟು ಸಂತೋಷ. ಬೇರೆ ಏನಾದರೂ ಇರಬಹುದೇ ಎಂದು ಯೋಚಿಸುವ ವ್ಯವಧಾನ ಆ ವಯಸ್ಸಿಗೆ, ಆ ಸಂತೋಷಕ್ಕೆ ಎಲ್ಲಿಂದ ಬರಬೇಕು?

ಸೂಚನೆಗಳು ಇದ್ದವು. ಒಂದು ಭಾನುವಾರ ಒಲೆಯ ಮೇಲೆ ಹಾಲಿಟ್ಟು ಸೌಟು ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದ. ಸೂಜಿ ದಾರ ಪೋಣಿಸುತ್ತಿದ್ದಳು. ಉಳಿದಿಬ್ಬರು ತಾರಸಿಯಲ್ಲಿ ಬಟ್ಟೆಗೆ ಬಣ್ಣ ಹಾಕುತ್ತಿದ್ದರು. ತಲೆ ಎತ್ತಿದಾಗ ಅವನು ತನ್ನನ್ನೇ ನೋಡುತ್ತಿರುವುದು ಅವಳಿಗೆ ಕಂಡಿತು. ಅವಳು ನೋಡಿದರೂ ಅವನು ಕಣ್ಣು ಕೀಳಲಿಲ್ಲ. ಇವಳೂ ಕೀಳಲಿಲ್ಲ. ಯಾರು ಮೊದಲು ಸೋಲುತ್ತಾರೋ ನೋಡೋಣ ಎಂಬ ಆಟದಂತೆ ಶುರುವಾದದ್ದು ಆಟವಾಗಿ ಉಳಿಯಲಿಲ್ಲ. ಹಾಲು ತಳ ಹತ್ತಿ ಸೀದ ವಾಸನೆ ಮೂಗಿಗೆ ಬಡಿದಾಗಲೇ ಅವಳಿಗೆ ಎಚ್ಚರ. ಅವನ ಮೊಣಕೈಯಿಂದ ಒಂದಡಿ ದೂರದಲ್ಲಿ ಪಾತ್ರೆ ಕಪ್ಪಾಗುತ್ತಿತ್ತು. ಅವನು ಮಿಸುಕಲಿಲ್ಲ.

"ಹಾಲು ಕಣೋ, ಹಾಲು!"

ಅವನು ಬೆಚ್ಚಿ ಒಲೆ ಆರಿಸಿದ. ಒಂದು ಕ್ಷಣ ಅವನ ಮುಖದಲ್ಲಿ ಕಂಡದ್ದು ನಾಚಿಕೆಯಲ್ಲ, ಭಯ. ಓಡಿ ಬಂದ ಲೇಟು, "ಅಡುಗೆಯವನೇ ಹಾಲು ಸೀಯಿಸಿದ ಅಂದ್ರೆ ಕೇಸು ಕೈ ಮೀರಿದೆ," ಎಂದು ಚಪ್ಪಾಳೆ ತಟ್ಟಿದ. ಆ ನಗುವಿನಲ್ಲಿ ಭಯ ಕರಗಿಹೋಯಿತು. ಸೂಜಿ ಅದನ್ನು ಮರೆತೂಬಿಟ್ಟಳು.

ಆಮೇಲಿನ ವಾರ ಅವಳು ಕಿಟಕಿಗೆ ರಟ್ಟು ಕಟ್ಟಿದಳು. ಹಗಲ ಬೆಳಕಿನಲ್ಲಿ ಸಿನಿಮಾ ಸರಿಯಾಗಿ ಕಾಣುವುದಿಲ್ಲ ಎಂದು ಲೇಟು ಗೊಣಗುತ್ತಿದ್ದ. ಕಿಟಕಿಗೂ ಮೇಲಿನ ಗಾಳಿಕಿಂಡಿಗೂ ಅಳತೆ ತೆಗೆದು, ದಪ್ಪ ರಟ್ಟು ಕತ್ತರಿಸಿ, ಅಂಚಿಗೆ ಬಟ್ಟೆ ಅಂಟಿಸಿದಳು. ಬೆರಳಿನಿಂದ ಒತ್ತಿದರೆ ಟಪ್ ಎಂದು ಕೂರುವ ಹಾಗೆ, ಕೂದಲೆಳೆಯಷ್ಟು ಸಂದೂ ಇಲ್ಲದ ಹಾಗೆ. ಇಡೀ ಜನ್ಮದಲ್ಲಿ ಇಷ್ಟು ಅಚ್ಚುಕಟ್ಟಾದ ಕೆಲಸ ಮಾಡಿಲ್ಲ ಎಂದು ಅವಳಿಗೇ ಹೆಮ್ಮೆ.

ಆ ಭಾನುವಾರ ಕತ್ತಲ ಕೋಣೆಯಲ್ಲಿ ಲೇಟು ತಂದಿದ್ದ ಕೊಲೆ ಸಿನಿಮಾ ಓಡುತ್ತಿತ್ತು. ಕೊಲೆಗಾರ ಬಾಗಿಲ ಹಿಂದೆ ನಿಂತಿದ್ದ. ಅದು ತಿಳಿಯದ ಹೆಂಗಸು ಕನ್ನಡಿಯ ಮುಂದೆ ಕೂತು ತಲೆ ಬಾಚಿಕೊಳ್ಳುತ್ತಿದ್ದಳು. "ಹಿಂದೆ ನೋಡೇ ತಾಯಿ, ಹಿಂದೆ!" ಎಂದು ಟೈಲರಕ್ಕ ಕೂಗಿದರು. ಕೂಗಿದವರು ತಟ್ಟನೆ ಮೂಗು ಮುಚ್ಚಿಕೊಂಡರು.

"ಏನ್ರೋ ಇದು, ಕೊಳೆತ ವಾಸನೆ?"

ಸೂಜಿಗೂ ಬಂತು. ಅವಳ ಕಣ್ಣು ಮೊದಲು ಹೋದದ್ದು ತನ್ನ ಚೀಲದ ಪಕ್ಕದ ಡಬ್ಬಿಯ ಮೇಲೆ. ರಟ್ಟಿಗೆ ಹಚ್ಚಲು ಕುದಿಸಿ ತಂದ ಮೈದಾ ಅಂಟು. ಮೂರು ದಿನ ಇಟ್ಟರೆ ಅದು ಹುಳಿತು ನಾರುತ್ತದೆ.

"ನನ್ನ ಅಂಟಿರ್ಬೇಕಕ್ಕ," ಎಂದಳು ಸಂಕೋಚದಿಂದ. "ಸೌಟು, ನೀನು ನೋಡು. ಅಂಟೇನಾ?"

ಅಡುಗೆಯವನ ಮೂಗಿಗಿಂತ ದೊಡ್ಡ ಸಾಕ್ಷಿ ಬೇಕೇ? ಸೌಟು ಡಬ್ಬಿ ಎತ್ತಿ ಮೂಗಿನ ಹತ್ತಿರ ಹಿಡಿದ. ಗೋಡೆಯ ಬೆಳಕಿನಲ್ಲಿ ಅವನ ಮುಖ ನೀಲಿಯಾಗಿತ್ತು. ಸ್ವಲ್ಪ ಹೆಚ್ಚೇ ಹೊತ್ತು ಹಿಡಿದ.

"ಹೂಂ. ಅಂಟೇ," ಎಂದ.

ಡಬ್ಬಿ ತಾರಸಿಗೆ ಹೋಯಿತು. ಎಲ್ಲರೂ ಸೂಜಿಯನ್ನು ಗೇಲಿ ಮಾಡಿ ಮತ್ತೆ ಸಿನಿಮಾದಲ್ಲಿ ಮುಳುಗಿದರು. ವಾಸನೆ ಪೂರ್ತಿ ಹೋಗಿರಲಿಲ್ಲ. ಆದರೆ ಒಮ್ಮೆ ಕಾರಣ ಸಿಕ್ಕ ಮೇಲೆ ಯಾರೂ ಮತ್ತೆ ಹುಡುಕುವುದಿಲ್ಲ.

ಮುಂದಿನ ಭಾನುವಾರ ಸೂಜಿ ಅರ್ಧ ಗಂಟೆ ಮೊದಲೇ ಹೊರಟಳು. ಈ ದಿನ ಕೇಳಿಯೇಬಿಡುವುದೆಂದು ನಿರ್ಧರಿಸಿದ್ದಳು. ನಾಲ್ಕು ತಿಂಗಳಿಂದ ಹೀಗೆ ನೋಡ್ತೀಯಲ್ಲ, ಬಾಯಿಬಿಟ್ಟು ಹೇಳೋದು ಯಾವಾಗ? ಈ ಒಂದು ವಾಕ್ಯವನ್ನು ದಾರಿಯುದ್ದಕ್ಕೂ ಹತ್ತು ಥರ ಹೇಳಿ ನೋಡಿದಳು. ಚೀಲದಲ್ಲಿ ಸೂಜಿ, ದಾರ, ಹಾಳೆ ಮಾತ್ರ. ಮತ್ತೆ ಮಾನ ಹೋಗಬಾರದೆಂದು ಅಂಟು ತಂದಿರಲಿಲ್ಲ.

ಎರಡನೆಯ ಮಹಡಿ ದಾಟುವಾಗ ವಾಸನೆ ಬಂತು.

ಅವಳು ನಿಂತಳು. ಅಭ್ಯಾಸಬಲದಿಂದ ಚೀಲದ ಕಡೆ ನೋಡಿದಳು. ಅಂಟು ಮನೆಯಲ್ಲಿದೆ.

ಉಳಿದ ಮೆಟ್ಟಿಲನ್ನು ಹೇಗೆ ಹತ್ತಿದಳೋ ಅವಳಿಗೇ ಗೊತ್ತಿಲ್ಲ. ಬಾಗಿಲ ಮುಂದೆ ವಾಸನೆ ಗಂಟಲಿಗೆ ಇಳಿಯುವಷ್ಟು ದಟ್ಟವಾಗಿತ್ತು. ಬೆಲ್ಲಿನ ಮೇಲೆ ಬೆರಳಿಟ್ಟವಳು ಬೆಂಕಿ ಮುಟ್ಟಿದವಳಂತೆ ಹಿಂದಕ್ಕೆ ತೆಗೆದಳು. ಒಂದು ಕಿಡಿ ಸಾಕು. ಒಳಗೆ ಅವನು ಯಾವುದೋ ಹಾಡು ಗುನುಗುತ್ತಿದ್ದ. ಪಾತ್ರೆಯ ಸದ್ದು. ಹಾಡಿನ ನಡುವೆ ಬೆಂಕಿಪೆಟ್ಟಿಗೆ ಅಲ್ಲಾಡಿಸಿ, ಕಡ್ಡಿ ಇದೆಯೇ ಎಂದು ನೋಡುವ ಸದ್ದು.

"ಹಚ್ಬೇಡ!"

ಆ ಕೂಗು ತನ್ನದೆಂದು ಅವಳಿಗೆ ಗುರುತು ಸಿಗಲಿಲ್ಲ. ಬಾಗಿಲು ತಳ್ಳಿದಳು. ಚಿಲಕ ಹಾಕಿರಲಿಲ್ಲ. ಸಿನಿಮಾಕ್ಕೆಂದು ಅವನು ರಟ್ಟುಗಳನ್ನು ಆಗಲೇ ಕೂರಿಸಿದ್ದ. ಅರೆಗತ್ತಲಲ್ಲಿ ಒಲೆಯ ಮುಂದೆ ನಿಂತಿದ್ದ, ಒಂದು ಕೈಯಲ್ಲಿ ಪೆಟ್ಟಿಗೆ, ಇನ್ನೊಂದರಲ್ಲಿ ಕಡ್ಡಿ. ಅವಳು ಹಾರಿ ಅವನ ಮಣಿಕಟ್ಟು ಹಿಡಿದಳು.

"ಗ್ಯಾಸು! ಸಿಲಿಂಡರ್ ಆಫ್ ಮಾಡು. ಲೈಟ್ ಮುಟ್ಬೇಡ, ಏನೂ ಮುಟ್ಬೇಡ!"

ಅವನು ಬಗ್ಗಿ ಸಿಲಿಂಡರಿನ ತಿರುಪು ತಿರುಗಿಸಿದ. ಅವಳು ಕಿಟಕಿಗೆ ಬಿದ್ದಳು. ಅಚ್ಚುಕಟ್ಟಾಗಿ ಕೂತಿದ್ದ ರಟ್ಟು ಏನು ಮಾಡಿದರೂ ಬರಲಿಲ್ಲ. ಉಗುರು ಕಿತ್ತುಬಂತು. ಕೊನೆಗೆ ಮೊಣಕೈಯಿಂದ ಗುದ್ದಿ ಮುರಿದಳು. ಇಬ್ಬರೂ ತಾರಸಿಗೆ ಓಡಿ, ಬಿಸಿಲಲ್ಲಿ, ನೀರಿನ ತೊಟ್ಟಿಗೆ ಒರಗಿ ಕುಸಿದು ಕೂತರು.

ಒಲೆಯಿಂದ ಸಿಲಿಂಡರಿಗೆ ಹೋಗುವ ರಬ್ಬರ್ ಪೈಪು ಬಿರುಕು ಬಿಟ್ಟಿತ್ತು. ಬಹುಶಃ ವಾರಗಳಿಂದ.

"ಬಾಗಿಲಾಚೆ ನನಗೆ ಉಸಿರು ಕಟ್ತಿತ್ತು," ಎಂದಳು. "ಒಳಗೆ ಹಾಡು ಹೇಳ್ತಿದ್ಯಲ್ಲೋ! ನಿನಗೆ ಗೊತ್ತಾಗ್ಲಿಲ್ವಾ?"

ಅವನು ತಲೆ ತಗ್ಗಿಸಿ ಕೂತಿದ್ದ.

"ನನಗೆ ವಾಸನೆ ಬರಲ್ಲ," ಎಂದ. "ಆ ಜ್ವರ ಬಂದಾಗಿಂದ. ನಾಲಿಗೇನೂ ಅಷ್ಟೇ, ಏನಿಟ್ರೂ ಮಣ್ಣು. ಹೋಟೆಲಲ್ಲಿ ಎಲ್ಲಾ ತೂಕ ಮಾಡಿ ಹಾಕ್ತೀನಿ, ಹೇಗೋ ನಡೀತಿದೆ. ಅಡುಗೆಯವನಿಗೆ ಮೂಗು ಹೋಯ್ತು ಅಂತ ಗೊತ್ತಾದ್ರೆ ಯಾರು ಇಟ್ಕೋತಾರೆ ಹೇಳು?"

ನಾಲ್ಕು ತಿಂಗಳು ಒಂದೊಂದಾಗಿ ಅವಳ ಕಣ್ಣ ಮುಂದೆ ತಿರುಗಿ ನಿಂತವು. ಅವನ ನೋಟ ಹುಬ್ಬಿನಿಂದ ತುಟಿಗೆ, ತುಟಿಯಿಂದ ಕೆನ್ನೆಗೆ ಹರಿದದ್ದು ಯಾಕೆಂದು ಈಗ ಗೊತ್ತಾಯಿತು. ಸಾವು ಪಕ್ಕದಲ್ಲೇ ಹಾದುಹೋದ ಗಳಿಗೆಯಲ್ಲಿ ಇಂಥದಕ್ಕೆ ಅಳುವುದು ಅವಮಾನ ಎನಿಸಿತು. ಆದರೂ ಅಳು ಬಂತು.

"ಹಾಗಾದ್ರೆ ನೀನು ಇಷ್ಟು ದಿನ ನನ್ನ ಮುಖದಲ್ಲಿ ನೋಡ್ತಿದ್ದಿದ್ದು ಉಪ್ಪು."

"ಹೂಂ," ಎಂದ. ಸುಳ್ಳು ಹೇಳಲಿಲ್ಲ. "ಮೊದಲ ಕೆಲವು ವಾರ ಉಪ್ಪೇ. ಅಕ್ಕ ಏನು ಕೊಟ್ರೂ ಚೆನ್ನಾಗಿದೆ ಅಂತಾರೆ. ಲೇಟು ತಟ್ಟೆ ಬಿಟ್ಟು ಮಿಕ್ಕಿದ್ದೆಲ್ಲ ತಿಂತಾನೆ. ನಿನ್ನ ಮುಖಕ್ಕೆ ಮಾತ್ರ ಸುಳ್ಳು ಹೇಳೋಕೆ ಬರಲ್ಲ."

"ಸಾಕು. ಎದ್ದೋಗು."

"ಹಾಲು ಸೀದ ದಿನ ನಿನ್ನ ಬಾಯಲ್ಲಿ ಏನಿತ್ತು?"

"ಏನಿತ್ತು? ಏನೂ ಇರ್ಲಿಲ್ಲ. ದಾರ ಪೋಣಿಸ್ತಿದ್ದೆ."

"ಮತ್ತೆ ನಾನು ಅವತ್ತು ಯಾವ ಉಪ್ಪು ನೋಡ್ತಿದ್ದೆ?"

ಅವಳು ಕಣ್ಣೊರೆಸಿಕೊಂಡು ಅವನತ್ತ ತಿರುಗಿದಳು. ಅವನು ನೆಲ ನೋಡುತ್ತಲೇ ಮಾತಾಡಿದ. "ನೀನಂದ್ರೆ ನನಗೆ ಇಷ್ಟ. ಎಷ್ಟು ಅಂತ ಹೇಳೋಕೆ ಬರಲ್ಲ. ಆದರೆ ಹೇಳೋಕೆ ಹೋದಾಗೆಲ್ಲ, ಇವಳ ಮುಖಾನ ನಾಲಿಗೆ ಥರ ಬಳಸ್ಕೊಂಡೆನಲ್ಲ, ಯಾವ ಬಾಯಲ್ಲಿ ಹೇಳ್ಲಿ ಅಂತ ಅನ್ಸೋದು. ಜ್ವರಕ್ಕೆ ಮುಂಚೆ ನಿನ್ನ ಪಕ್ಕ ಕೂರೋ ಧೈರ್ಯಾನೂ ಇರ್ಲಿಲ್ಲ ನನಗೆ. ಈಗ ಕೂತಿದೀನಿ, ನಿನ್ನ ಕೂದಲ ವಾಸನೆ ಹೇಗಿರುತ್ತೆ ಅಂತ ಗೊತ್ತಿಲ್ಲ. ಗೊತ್ತಾಗುತ್ತೋ ಇಲ್ವೋ."

ಅವಳು ಕೇಳಬೇಕೆಂದು ಬಂದದ್ದು ಇದೇ ಮಾತು. ಕೇಳಿತು. ಅದರ ಜೊತೆಗೆ ಕೋಪವೂ ಉಕ್ಕಿತು.

"ಹೋದ ವಾರ ಅಂಟೇ ಅಂತ ಅಂದೆ."

"ಅಂದೆ."

"ಅಕ್ಕ ಇದ್ರು. ಲೇಟು ಇದ್ದ. ಕಿಟಕಿ ನಾನೇ ಮುಚ್ಚಿದ್ದೆ. ನಿನ್ನ ಕೆಲಸ ಉಳೀಲಿ ಅಂತ ನೀನು ಹೇಳಿದ ಒಂದು ಸುಳ್ಳಿಗೆ ನಾಲ್ಕು ಜನಾನೂ ಅವತ್ತೇ ಬೂದಿ ಆಗ್ತಿದ್ವಿ ಕಣೋ."

ಅಷ್ಟು ಹೊತ್ತಿನವರೆಗೆ ಹಿಡಿದೇ ಇದ್ದ ಕಡ್ಡಿ ಅವನ ಕೈಯಿಂದ ಜಾರಿ ಕೆಳಗೆ ಬಿತ್ತು. "ದಿನಾ ಬೆಳಗ್ಗೆ ಹಚ್ಚಿದೀನಿ," ಎಂದ ಮೆಲ್ಲಗೆ. "ಈ ವಾರ ಪೂರ್ತಿ." ಆ ಬೆಳಗುಗಳನ್ನು ನೆನೆದು ಬಿಸಿಲಿನಲ್ಲೂ ಅವಳಿಗೆ ಚಳಿಯಾಯಿತು.

"ನಾಳೆ ಹೋಟೆಲಲ್ಲಿ ಹೇಳ್ತೀಯ," ಎಂದಳು. "ಆಮೇಲೆ ಡಾಕ್ಟರ್ ಹತ್ರ. ನಾನೂ ಬರ್ತೀನಿ. ಅಕ್ಕನಿಗೆ, ಲೇಟುಗೆ ಇವತ್ತೇ ಹೇಳ್ಬೇಕು, ನನ್ನೆದುರಿಗೇ."

"ಕೆಲಸ ಹೋದ್ರೆ?"

"ಹೋಗ್ಲಿ."

"ವಾಸನೆ ವಾಪಸ್ ಬರದೇ ಇದ್ರೆ?"

ತೊಟ್ಟಿಯ ನಲ್ಲಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅವಳು ಕೈ ಚಾಚಿ ನಲ್ಲಿಯನ್ನು ಬಿಗಿಮಾಡಿದಳು.

"ನಮ್ಮನೇಲಿ ಗ್ಯಾಸಿಲ್ಲ. ಕರೆಂಟಿನ ಒಲೆ," ಎಂದಳು.

"ಅದಕ್ಕೇನೀಗ?"

"ಬಂದುಬಿಡು."

"ಊಟಕ್ಕಾ?"

"ಊಟಕ್ಕೆ ಕರೆಯೋಕೆ ಯಾರಾದ್ರೂ ಇಷ್ಟು ಹೆದರ್ತಾರೇನೋ, ದಡ್ಡ?"

ಅವನಿಗೆ ಅರ್ಥವಾಗಲು ಎರಡು ಕ್ಷಣ ಬೇಕಾಯಿತು. ಅರ್ಥವಾದದ್ದು ಮುಖದಲ್ಲಿ ಮೂಡಿದಾಗ ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಅವನು ಕಣ್ಣೊರೆಸಿಕೊಂಡು ಎದ್ದ. "ಬಟ್ಟೆ ತಗೊಂಡು ಬರ್ತೀನಿ," ಎಂದು ಬಾಗಿಲ ಕಡೆ ಹೆಜ್ಜೆ ಇಟ್ಟವನ ಕೈಯನ್ನು ಅವಳು ಗಟ್ಟಿಯಾಗಿ ಹಿಡಿದು ಎಳೆದಳು.

"ಈಗ ಬೇಡ. ವಾಸನೆ ಇನ್ನೂ ಹೋಗಿಲ್ಲ."

ಅವನು ಬಾಗಿಲ ಕಡೆ ಮುಖ ಮಾಡಿ ಉದ್ದಕ್ಕೆ ಉಸಿರೆಳೆದ. ಅವನಿಗೆ ಏನೂ ಗೊತ್ತಾಗಲಿಲ್ಲ. ಅವಳ ಮಾತು ನಂಬಿ ಮತ್ತೆ ಪಕ್ಕದಲ್ಲಿ ಕೂತ.