ದಪ್ಪ ಕಾಳಿನ ಬಾಟಲಿ

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಭತ್ತ ಸಂಶೋಧನಾ ಕೇಂದ್ರದ ವಿಜ್ಞಾನಿ ಮೇಡಂ ಠಾಣೆಗೆ ಬಂದು, ಶೀತಲ ಕೋಣೆಯಲ್ಲಿದ್ದ ಬಿತ್ತನೆ ಭತ್ತದ ಬಾಟಲಿ ಕಳುವಾಗಿದೆ ಎಂದು ದೂರು ಕೊಟ್ಟರು. ಹಿಡಿ ಭತ್ತಕ್ಕೂ ಎಫ್‌ಐಆರ್ ಬೇಕೇ ಎಂಬಂತೆ ದಫೇದಾರರು ಇನ್ಸ್‌ಪೆಕ್ಟರ ಮುಖ ನೋಡಿದರು.

ಕಾಳಿನ ಗಾತ್ರ ಹೆಚ್ಚಿಸುವ ಜೀನ್ ಒಂದನ್ನು ತಮ್ಮ ಸಹೋದ್ಯೋಗಿ ಪತ್ತೆಮಾಡಿದ್ದಾರೆ, ಅದನ್ನು ಒಳ್ಳೆ ಇಳುವರಿಯ ತಳಿಗೆ ಸೇರಿಸಲು ತಮಗೆ ವರ್ಷಗಳೇ ಹಿಡಿದವು ಎಂದು ಮೇಡಂ ವಿವರಿಸಿದರು. ಆ ತಳಿಯ ಬೀಜ ಇರುವುದು ಅದೊಂದೇ ಬಾಟಲಿಯಲ್ಲಿ. ಶನಿವಾರದೊಳಗೆ ಬಿತ್ತದಿದ್ದರೆ ಹಂಗಾಮು ಮುಗಿಯಿತು.

"ಸಿಗದಿದ್ರೆ?" ಇನ್ಸ್‌ಪೆಕ್ಟರ್ ಕೇಳಿದರು.

"ಮಾಡಿದ್ದೆಲ್ಲ ನೀರಲ್ಲಿ ಹೋಮ, ಸರ್."

ಮಧ್ಯಾಹ್ನ ಪಂಚನಾಮೆ ನಡೆಯಿತು. ಬೀಗ ಮುರಿದಿರಲಿಲ್ಲ. ಕೀಲಿ ಎರಡೇ: ಒಂದು ಮೇಡಂ ಬಳಿ, ಇನ್ನೊಂದು ಆ ಸಹೋದ್ಯೋಗಿ ಬಳಿ. ಎಲ್ಲರೂ ಅವರನ್ನು ಜೀನ್ ಮಾಸ್ತರ್ ಎನ್ನುತ್ತಿದ್ದರು. ಹೊಸ ಕಾಳು ಕಡಲೆಬೀಜದಷ್ಟು ದಪ್ಪ ಬರುತ್ತದೆ ಎಂದು ಅವರು ಸಭೆಗಳಲ್ಲಿ ಕೊಚ್ಚಿಕೊಂಡಿದ್ದರು. ಗೇಟಿನ ಕಾವಲುಗಾರನ ಬಾಯಿಗೆ ಬರುವಷ್ಟರಲ್ಲಿ ಅದು ತೆಂಗಿನಕಾಯಿಯಾಗಿತ್ತು. ತೆನೆ ಹೊರಲು ಲಾರಿ ಬೇಕಂತೆ ಎಂದು ಅವನು ದಫೇದಾರರಿಗೆ ಹೇಳಿಕೆ ಕೊಟ್ಟ.

ಮಾಸ್ತರ್ ತಣ್ಣಗಿದ್ದರು. "ಯಾರೋ ಒಲೆಗೆ ಹಾಕಿರ್ತಾರೆ ಬಿಡಿ. ಗೊತ್ತಿಲ್ಲದೋರಿಗೆ ಅದು ಬರೀ ಭತ್ತ."

"ಗೊತ್ತಿದ್ದೋರು ತಗೊಂಡಿದ್ರೆ?"

ಮಾಸ್ತರ್ ಮೇಜಿನ ಮೇಲಿನ ಕಡತ ತೆರೆದು ಓದತೊಡಗಿದರು. ಇನ್ಸ್‌ಪೆಕ್ಟರ್ ಹೊರಗೆ ಬಂದು, ನೀವೇ ಕದ್ದಿದ್ದರೆ ಎಲ್ಲಿಡುತ್ತಿದ್ದಿರಿ ಎಂದು ಮೇಡಂ ಅವರನ್ನು ಕೇಳಿದರು.

"ಫ್ರಿಜ್ಜಲ್ಲಿ. ಬಿಸಿ ತಾಗಿದ್ರೆ ಮೊಳಕೆ ಬರಲ್ಲ."

ಬುಧವಾರ ವಾರಂಟ್ ಹಿಡಿದು ಮಾಸ್ತರ ಮನೆಗೆ ಹೋದಾಗ ಅವರ ತಾಯಿಯೇ ಫ್ರಿಜ್ಜಿನ ಬಾಗಿಲು ತೆಗೆದರು. "ತಗೊಂಡ್ಹೋಗಪ್ಪ ಆ ಸೀಮೆಗಿಲ್ಲದ ಬಾಟ್ಲೀನ. ಹಾಲಿಡೋಕೆ ಜಾಗ ಇಲ್ಲ, ಮುಟ್ಟಿದ್ರೆ ಮಗ ಮೈಮೇಲೆ ಬೀಳ್ತಾನೆ."

ಬಾಟಲಿಗೆ ಎರಡು ಪದರ ಪ್ಲಾಸ್ಟಿಕ್ ಸುತ್ತಿ, ಒಳಗೆ ತೇವ ಹೀರುವ ಪೊಟ್ಟಣ ಇಡಲಾಗಿತ್ತು. ಶೀತಲ ಕೋಣೆಯಲ್ಲೂ ಅದಕ್ಕೆ ಅಷ್ಟು ಆರೈಕೆ ಇರಲಿಲ್ಲ.

ಮಾಸ್ತರನ್ನು ಅಲ್ಲೇ ಬಂಧಿಸಲಾಯಿತು. ಹೋದ ತಿಂಗಳು ಮತ್ತೆ ಪರೀಕ್ಷೆ ಮಾಡಿದಾಗ ತಾನು ಹಿಡಿದ ಜೀನಿಗೂ ಕಾಳಿನ ಗಾತ್ರಕ್ಕೂ ಸಂಬಂಧವಿಲ್ಲ ಎಂದು ಗೊತ್ತಾಯಿತು, ಬಿತ್ತಿದರೆ ಕೊಯ್ಲಿನ ದಿನ ಎಲ್ಲರಿಗೂ ಗೊತ್ತಾಗುತ್ತಿತ್ತು ಎಂದು ಅವರು ಒಪ್ಪಿಕೊಂಡರು.

"ಹಾಗಾದ್ರೆ ಸುಟ್ಟುಬಿಡಬಹುದಿತ್ತಲ್ಲ?"

"ಕೈ ಬರಲಿಲ್ಲ ಸರ್. ಅದರಲ್ಲಿ ಜೀವ ಇದೆ."

ವಶಪಡಿಸಿಕೊಂಡ ಬಾಟಲಿಗೆ ಮುದ್ರೆ ಒತ್ತಲು ದಫೇದಾರರು ಅರಗು ಕಾಯಿಸತೊಡಗಿದಾಗ ಮಾಸ್ತರ್ ಕುರ್ಚಿಯಿಂದ ಎದ್ದರು. ಬಿಸಿ ಬೇಡ, ದಾರ ಕಟ್ಟಿ ಎಂದು ಕೈಮುಗಿದರು. ಇನ್ಸ್‌ಪೆಕ್ಟರ್ ತಲೆಯಾಡಿಸಿದರು, ದಫೇದಾರರು ಒಲೆ ಆರಿಸಿದರು.

ಮಾದರಿಗೆ ಒಂದಿಷ್ಟು ಕಾಳು ಇಟ್ಟುಕೊಂಡು ಉಳಿದದ್ದನ್ನು ದೂರುದಾರರಿಗೆ ಕೊಡಲು ನ್ಯಾಯಾಲಯ ಗುರುವಾರ ಅನುಮತಿ ಕೊಟ್ಟಿತು. ಅದೇ ದಿನ ಜೈಲಿಗೆ ಹೊರಟ ಜೀಪು ಹತ್ತುವಾಗ ಮಾಸ್ತರ್ ಕೇಳಿದ್ದು ಜಾಮೀನನ್ನಲ್ಲ.

"ಮೇಡಂಗೆ ಹೇಳಿ ಸರ್, ಬಿತ್ತೋ ಹಿಂದಿನ ರಾತ್ರಿಯೇ ನೆನೆಹಾಕಲಿ. ಒಂದು ಕಾಳೂ ಹಾಳಾಗಬಾರದು."